ಎರಡು ಸಲ ಗದ್ದ ಎತ್ತಿದಳು

ಅಫಜಲಪುರ
೧೨-೧-೧೯೪೮, ಸೋಮವಾರ

ಪ್ರೀತಿಯ ಅಪ್ಪಾ,

ನಿಮ್ಮ ಪಾದಗಳಿಗೆ ಹೀರಾಳ ಶರಣು. ಗುರುಶಾಂತಿ ಅಕ್ಕ "ಬ್ಯಾಡ" ಅಂದದ್ದನ್ನು "ಹೂಂ" ಎಂದು ಹೇಳಿ ಈ ಮನೆಯಲ್ಲಿ ಅವಳ ಲಗ್ನ ಗೊತ್ತುಮಾಡಲಾಗಿದೆ. ಕ್ಷೇಮ ಕೇಳುವ ಮೊದಲೇ ಇದನ್ನು ಬರೆದೆ, ತಪ್ಪು ತಿಳಿಯಬೇಡಿರಿ. ಸೊಲ್ಲಾಪುರದ ಚಳಿಗೆ ನಿಮ್ಮ ಮೊಣಕಾಲು ನೋವು ಹೆಚ್ಚಾಗಿಲ್ಲವಷ್ಟೆ? ಊಟ ಇನ್ನೂ ಮಠದಲ್ಲಿಯೇ ಏನು? ಅವ್ವ ಆರಾಮ ಇದ್ದಾಳೆ. ನೀವು ತಿರಂಗಾ ಬಾವುಟ ಏರಿಸಿದ್ದಕ್ಕೆ ವಾರಂಟು ಹಿಡಿದು ಬಂದ ನಿಜಾಮನ ಪೊಲೀಸರು ದೀಪಾವಳಿಯ ಮೇಲೆ ಮತ್ತೆ ಬಂದಿಲ್ಲ. ನಾಡಿದ್ದು ಸಂಕ್ರಮಣ. ಅವ್ವ ಎಳ್ಳು ಹಚ್ಚಿ ಸಜ್ಜೆ ರೊಟ್ಟಿ ಬಡಿಯುತ್ತಿದ್ದಾಳೆ. ಈ ಪತ್ರ ತರುವ ಗಾಡಿಯ ಮೌಲಾಲಿ ಕಾಕಾನ ಕೈಯಲ್ಲಿ ನಿಮಗೂ ನಾಲ್ಕು ಕಟ್ಟಿಕೊಡುತ್ತಾಳೆ.

ಹೋದ ಗುರುವಾರ ಜೇವರ್ಗಿಯಿಂದ ಶಾಂತಲಿಂಗಪ್ಪ ಎಂಬವರು ಅಕ್ಕನನ್ನು ನೋಡಲು ಬಂದರು. ನಲವತ್ತು ದಾಟಿದವರು, ಹೆಂಡತಿ ತೀರಿಕೊಂಡಿದ್ದಾಳೆ, ಕಲ್ಲಿನ ದೊಡ್ಡ ವಾಡೆ ಮನೆ ಇದೆ. ಕರೆಸಿದವನು ದೌಲತರಾಯ ಕಾಕಾ. "ರಜಾಕಾರರ ಕಾಲ, ಮನ್ಯಾಗ ಎರಡು ಹೆಣ್ಣು, ಅಣ್ಣ ಊರಾಗಿಲ್ಲ. ನಾ ಒಬ್ಬಾಂವ ಎಷ್ಟಂತ ಕಾಯ್ಲಿ?" ಎಂದು ಅವ್ವನ ಮುಂದೆ ಹೇಳಿದ್ದ. ನಿಮ್ಮ ತಮ್ಮನ ಹೆದರಿಕೆ ಸುಳ್ಳಲ್ಲ. ಬಂದವರೂ ಕೆಟ್ಟವರಲ್ಲ. ಚಹಾ ಕುಡಿದು ಬಶಿ ಕೆಳಗಿಟ್ಟು, "ಹುಡುಗಿ ಒಪ್ಪ್ಯಾಳೇನ್ರಿ? ಆಕೀನ್ನೇ ಕೇಳ್ರಿ" ಅಂದರು. ಕಾಕಾ ನಕ್ಕ. "ಮೂಕೀನ್ನ ಏನ್ ಕೇಳ್ತೀರಿ, ಎಮ್ಮಿ ಕೇಳಿ ಗೂಟ ಬಡೀತಾರೇನ್ರಿ?" ಅಂದ. ಅವರು ನಗಲಿಲ್ಲ. ಅವ್ವ ಒಳಗೆ ಒಲೆಯ ಮುಂದಿದ್ದಳು, ಆಗ ನಾನೇ ಅಕ್ಕನನ್ನು ಸನ್ನೆಯಲ್ಲಿ ಕೇಳಿದೆ. ಅವಳು ಎರಡು ಸಲ ಗದ್ದ ಎತ್ತಿದಳು.

ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಬರೆಯುತ್ತೇನೆ. ನಮ್ಮ ಕಡೆ ಬೇಡವೆನ್ನಲು ಗದ್ದ ಮೇಲೆತ್ತಿ ನಾಲಿಗೆಯಿಂದ "ಚ್" ಅನ್ನುತ್ತೇವೆ. ಆ "ಚ್" ಅಕ್ಕನಿಗೆ ಹುಟ್ಟಿದಾಗಿನಿಂದ ಕೇಳಿಲ್ಲ, ಕಂಡದ್ದು ಗದ್ದ ಮಾತ್ರ. ಅಷ್ಟನ್ನೇ ಕಲಿತಳು. ಖಂಡಿತ ಬೇಡ ಅನ್ನಬೇಕಾದರೆ ಎರಡು ಸಲ ಎತ್ತುತ್ತಾಳೆ. ಅರಿಯದವರ ಕಣ್ಣಿಗೆ ಅದು ತಲೆಯಾಡಿಸಿ ಹೂಂ ಅಂದ ಹಾಗೆ ಕಾಣುತ್ತದೆ. ಶಾಂತಲಿಂಗಪ್ಪನವರು ನನ್ನ ಕಡೆ ತಿರುಗಿ, "ಏನಂತಾಳವ್ವ ನಿಮ್ಮಕ್ಕ?" ಎಂದು ಕೇಳಿದರು.

ಆಳಂದದ ಪೇಟೆಗೆ ತೊಗರಿ ಹೇರಿಕೊಂಡು ಹೋದ ಮೌಲಾಲಿ ಕಾಕಾ ರಟ್ಟು ಹರಿದ ಒಂದು ಪುಸ್ತಿಕೆ ತಂದುಕೊಟ್ಟಿದ್ದಾನೆ. ಮನುಷ್ಯನಿಗೆ ಮಾತು ಹೇಗೆ ಬಂತು ಎಂಬ ವಿಚಾರ. ದೇವರು ಕೊಟ್ಟ ಎಂದು ಕೆಲವರು, ಕಾಗೆಯ ಕಾ ಕಾ ಕೇಳಿ ಹೆಸರಿಟ್ಟೆವು ಎಂದು ಕೆಲವರು, ಬಾಯಿಗಿಂತ ಮೊದಲು ಕೈ ಮಾತಾಡಿತು ಎಂದು ಇನ್ನು ಕೆಲವರು. ಯಾರು ಸರಿಯೋ ನೋಡಿಬಂದವರು ಯಾರೂ ಇಲ್ಲ. ಆದರೆ ಒಂದು ಮಾತು ನನಗೆ ನಾಟಿತು. ಶಬ್ದಕ್ಕೂ ವಸ್ತುವಿಗೂ ರಕ್ತಸಂಬಂಧವಿಲ್ಲ. ನಾವು ನೀರು ಅನ್ನುತ್ತೇವೆ, ಮೌಲಾಲಿ ಕಾಕಾ ಪಾನಿ ಅನ್ನುತ್ತಾನೆ, ಕೊಡ ಒಂದೇ. ನಾಲ್ಕು ಜನ ಒಪ್ಪಿ ನಡೆಸಿಕೊಂಡು ಬಂದದ್ದೇ ಮಾತು. ಅಕ್ಕ ಕಿವಿಯ ತುದಿ ಹಿಡಿದರೆ ಕಿವಿಗೆ ಬಂಗಾರದ ಬಾವಲಿ ಹಾಕಿದ ನೀವು, ಮೂಗಿಗೆ ಚಿಟಿಕೆ ಹಿಡಿದರೆ ನಶ್ಯ ಏರಿಸುವ ದೌಲತರಾಯ ಕಾಕಾ. ಇದನ್ನು ನಾವು ಮನೆಯವರು ಒಪ್ಪಿದ್ದೇವೆ. ಎತ್ತು ಹಸಿವಾದರೆ ಕೂಗೀತು, ನಿನ್ನೆಯ ಹಸಿವನ್ನು ಇವತ್ತು ಹೇಳಲಾರದು. ಅಕ್ಕ ಹೇಳುತ್ತಾಳೆ. ನೀವು ಹೋದ ದಿನ ಅಂಗಳದಲ್ಲಿ ಯಾರು ಎಲ್ಲಿ ನಿಂತಿದ್ದರು, ಕಾಕಾನ ರುಮಾಲು ಹೇಗೆ ಜಾರಿತು ಎಂದು ಆಡಿ ತೋರಿಸಿ ಅವ್ವನನ್ನು ನಗಿಸುತ್ತಾಳೆ. ಇದು ಭಾಷೆಯಲ್ಲದಿದ್ದರೆ ನನ್ನದೂ ಅಲ್ಲ. ನಿಜಾಮನ ಕಚೇರಿಯಲ್ಲಿ ಕನ್ನಡಕ್ಕೆ ಕಿಮ್ಮತ್ತಿಲ್ಲವೆಂದು ನೀವು ಸಿಟ್ಟಾಗುತ್ತಿದ್ದಿರಿ. ನಮ್ಮ ಪಡಸಾಲೆಯಲ್ಲಿ ಅಕ್ಕನ ಮಾತಿಗೆ ಕಿಮ್ಮತ್ತು ಕೊಡದೆ ನಾವೂ ಅದೇ ಕಚೇರಿ ನಡೆಸಿದೆವು.

ಈಗ ಉಳಿದದ್ದನ್ನು ಬರೆಯಬೇಕು. "ಅಕ್ಕನ ಲಗ್ನ ಒಂದು ಆಗ್ಲಿ, ಮುಂದಿನ ಸಾಲಿಗೆ ನಿನ್ನ ಕಲಬುರ್ಗಿಗೆ ಓದಾಕ ಕಳಸ್ತೀನಿ" ಎಂದು ಕಾಕಾ ಅಂದು ಬೆಳಿಗ್ಗೆ ನನಗೆ ಮಾತು ಕೊಟ್ಟಿದ್ದ. ಬಂದವರು ಕೇಳಿದಾಗ ಅವನು ನನ್ನ ಮುಖ ನೋಡಿದ. ನಾನು "ಹೂಂ ಅಂತಾಳ್ರಿ" ಅಂದೆ. ಮೇಲೆ "ಗೊತ್ತುಮಾಡಲಾಗಿದೆ" ಎಂದು ಬರೆದಿದ್ದೇನೆ, ಮಾಡಿದವರ ಹೆಸರಿಲ್ಲದೆಯೂ ಕನ್ನಡದಲ್ಲಿ ವಾಕ್ಯ ನಿಲ್ಲುತ್ತದೆ. ಹೇಳಿದವಳು ನಾನು. ಅಕ್ಕನಿಗೆ ನನ್ನ ತುಟಿ ಕಂಡಿತು, ಮಾತು ಕೇಳಲಿಲ್ಲ. ತಾನು ಬೇಡವೆಂದದ್ದನ್ನೇ ನಾನು ಮುಟ್ಟಿಸಿದೆ ಎಂದುಕೊಂಡು ಒಳಗೆ ಬಂದು ನನ್ನ ಬೆನ್ನು ತಟ್ಟಿದಳು. ಮರುದಿನ ಬಳೆಗಾರ್ತಿ ಸಾಬವ್ವ ಲಗ್ನದ ಹಸಿರು ಬಳೆ ಹಿಡಿದು ಬಂದಾಗ ಅವಳಿಗೆ ತಿಳಿಯಿತು. ಅಂದಿನಿಂದ ನನ್ನೊಡನೆ ಮಾತಾಡಿಲ್ಲ. ನಾನು ಎದುರಿಗೆ ಕೂತರೆ ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಳ್ಳುತ್ತಾಳೆ.

ಅವ್ವನ ಮುಂದೆ, ಕಾಕಾನ ಮುಂದೆ ನಿಜ ಹೇಳಿದ್ದೇನೆ. "ಆಡಿದ್ ಮಾತು ಆತವ್ವ, ಈಗ ತಿರುವಿದ್ರ ಮನಿ ಮರ್ಯಾದಿ ಹೋಗ್ತೈತಿ" ಅಂದ ಕಾಕಾ. ಓದುವ ಮಾತು ನನಗೆ ಬೇಡವೆಂದೆ. ಅದಕ್ಕೂ ಅವನು ಜಗ್ಗಲಿಲ್ಲ. ನಿಮ್ಮ ಮಾತನ್ನು ಮಾತ್ರ ಅವನು ಮೀರುವುದಿಲ್ಲ.

ಅವ್ವನ ಶರಣು, ಮೌಲಾಲಿ ಕಾಕಾನ ಸಲಾಮು. ಅಕ್ಕ ಏನು ಹೇಳಿದಳೆಂದು ನಾನು ಬರೆಯುವುದಿಲ್ಲ. ಆ ಅಧಿಕಾರ ಕಳೆದುಕೊಂಡಿದ್ದೇನೆ.

ನಿಮ್ಮ ಮಗಳು
ಹೀರಾಬಾಯಿ

ತಾ.ಕ.: ಲಗ್ನ ಫೆಬ್ರುವರಿ ಎಂಟಕ್ಕೆ. ನೀವು ನಿಜಾಮನ ಗಡಿಯೊಳಗೆ ಬರುವುದು ಬೇಡ, ನಾವೇ ದಾಟುತ್ತೇವೆ. ಲಗ್ನದ ಸೀರೆ ತರುವ ನೆವದಲ್ಲಿ ಅವ್ವ, ಅಕ್ಕ, ನಾನು ಮೌಲಾಲಿ ಕಾಕಾನ ಗಾಡಿಯಲ್ಲಿ ಹೊರಡುತ್ತೇವೆ. ಕಾಗದ, ಪೆನ್ಸಿಲ್ ತನ್ನಿರಿ. ನೀವೇ ಅವಳನ್ನು ಕೇಳಿ, ಅವಳು ಹೇಳಿದ್ದನ್ನು ಜೇವರ್ಗಿಯವರಿಗೂ ಕಾಕಾನಿಗೂ ನಿಮ್ಮ ಕೈಯಿಂದ ಬರೆದುಕೊಡಬೇಕು. ನಾನು ಗಾಡಿಯಲ್ಲಿಯೇ ಕೂತಿರುತ್ತೇನೆ. ಭೇಟಿ ಗಡಿಯಾಚೆಯ ದುಧನಿ ಸ್ಟೇಷನ್ನಿನಲ್ಲಿ, ಟಿಕೀಟು ಕೊಡುವ ಕಿಟಕಿಯ ಹತ್ತಿರ, ಜನವರಿ ಇಪ್ಪತ್ತೆರಡು, ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ.