ಬರೇ ಮಾತಿನ ಪ್ಯಾಕ್

ತಿಕೋಟಾ
2 ಸೆಪ್ಟೆಂಬರ್ 2025

ಮಗಳು ಸುರೈಯಾಗ ನಿನ್ನ ಅಬ್ಬಾ ಮಾಡೂ ದುವಾ. ಕೂಸು ಅರಾಮ ಐತೇನು? ಅಳಿಯಾ ಜಾವೀದಗೂ ಸಲಾಮ್ ಹೇಳು.

ಕಾಗದ ತಡಾ ಆತು, ಸಿಟ್ಟಾಗಬ್ಯಾಡ. ಎರಡು ಸಲ ಬರದು ಹರದು ಒಗದೇನಿ. ದವಾಖಾನ್ಯಾಗ ನೀ ಚೀಟಿ ಮ್ಯಾಲ ಬರದು ಕೇಳಿದ್ದಿ, "ಅಮ್ಮಿ ಎರಡೂವರಿ ತಿಂಗಳಾತು ಯಾಕ ನನ್ನ ಜೋಡಿ ಮಾತಾಡ್ಲಿಲ್ಲ? ನಾ ಏನು ತಪ್ಪ ಮಾಡೇನಿ?" ಅಂತ. ನಾ "ನೆಟ್ ಇರಲಿಲ್ಲ" ಅಂತ ಬರದು ಚೀಟಿ ತಿರುಗಿ ಕೊಟ್ಟೆ. ನಿನ್ನ ಕೈಮಾತು ನನಗ ಊಟ, ನೀರು, ಬಾ, ಹೋಗು, ಇಷ್ಟಕ್ಕ ಮುಗೀತೈತಿ. ಉಳಿದದ್ದು ನಿಮ್ಮ ಅಮ್ಮಿ ನೋಡ್ಕೋತಾಳ ಅಂತ ಇಪ್ಪತ್ನಾಲ್ಕು ವರ್ಷ ಕಲೀಲೇ ಇಲ್ಲ. ಕಿವುಡರ ಸಾಲ್ಯಾಗ ನೀ ಓದಾಕ ಕಲ್ತಿ, ಅಷ್ಟ ಪುಣ್ಯಾ. ಅದಕ್ಕ ಬರಿಯಾಕತ್ತೇನಿ.

ನಿಮ್ಮ ಅಮ್ಮೀನ ಶುಕ್ರವಾರ ವಿಜಯಪುರದಿಂದ ಮನಿಗೆ ಕರಕೊಂಡು ಬಂದೇನಿ. ಲಕ್ವಾ ಹೊಡದ ಬಲಗೈ ಹಂಗ ಬಿದ್ದೈತಿ. ದಿನಾ ಎಣ್ಣಿ ತಿಕ್ಕಿ ಬೆರಳು ಬಿಚ್ಚಸ್ರಿ ಅಂದಾರ ಡಾಕ್ಟರು. ಬಾಯಿ ತುಸು ಸೊಟ್ಟ ಆಗೈತಿ, ಆದ್ರ ನನಗ ಬೈಯೋ ಮಾತೆಲ್ಲ ಬರ್ತಾವ. ನಿನ್ನ ಜೋಡಿ ಆಡೂ ಮಾತಷ್ಟ ಹೋದ್ವು. ನಿನ್ನ ಹೆಸರು ಮಾಡಾಕ ಎರಡೂ ಕೈ ಬೇಕಲ್ಲ. ಎಡಗೈ ಎತ್ತತಾಳ, ಇನ್ನೊಂದರ ದಾರಿ ಕಾಯಕೋತ ಕುಂದರ್ತಾಳ. ನನಗ ನೋಡಾಕ ಆಗೂದಿಲ್ಲ, ಎದ್ದು ಹೊರಗ ಹೋಗ್ತೇನಿ.

ಈ ಫೋನ್ ಕಂಪನ್ಯಾರ ಹೊಟ್ಟಿ ಯಾವಾಗ ತುಂಬತೈತೋ. ಕಿವಿ ಇದ್ದೋರಿಗೆ ಹಗಲೂ ರಾತ್ರಿ ಮಾತು ಪುಕ್ಕಟ. ಒಣದ್ರಾಕ್ಷಿ ಆರಿಸೋ ನಮ್ಮ ಶೆಡ್‌ನ್ಯಾಗ ಅಯೂಬ ಹೆಂಡ್ತಿ ಜೋಡಿ ಬದನಿಕಾಯಿ ಸಲುವಾಗಿ ಅರ್ಧಾ ತಾಸು ಜಗಳಾಡ್ತಾನ, ಅಂವಗ ಒಂದು ಪೈಸಾ ಬೀಳೂದಿಲ್ಲ. ನೀ "ಕೂಸು ಹಾಲು ಕುಡೀತು" ಅಂತ ಕೈ ಆಡಿಸಬೇಕಂದ್ರ ವಿಡಿಯೋ ಬೇಕು, ವಿಡಿಯೋಕ್ಕ ನೆಟ್ ಬೇಕು, ನೆಟ್ಟಿಗೆ ರೊಕ್ಕ ಬೇಕು. ಕೇಳದವರ ಮಾತಿಗೆ ಬ್ಯಾರೆ ದರ. ಇದನ್ನ ಯಾರು ಕುಂತು ನಿಕ್ಕಿ ಮಾಡ್ಯಾರೋ, ಅವರ ಮನ್ಯಾಗ ನಿನ್ನಂಥಾದೊಂದು ಮಗಳಿರಲಿಕ್ಕಿಲ್ಲ.

ಆಕಿ ಮಾತ್ರ ನಿನ್ನ ಬಿಟ್ಟಿದ್ದಿಲ್ಲ ಬೇಟಾ. ಮಧ್ಯಾಹ್ನ ರೊಟ್ಟಿ ಮುಗಿಸಿ, ಕೈ ಚಂದಂಗ ಕಾಣಲಿ ಅಂತ ಬಾಗಿಲ ಬೆಳಕಿನ್ಯಾಗ ಕುಂತು, ಫೋನ್ ತಂಬಗಿಗೆ ಆನಿಸಿ ಇಟ್ಟು ನಿನಗ ವಿಡಿಯೋ ಹಚ್ಚತಿದ್ಲು. ಗುಂಡಗ ತಿರಗತಿತ್ತು, ಹತ್ತತಿದ್ದಿಲ್ಲ. "ಕೂಸಿಗೆ ನೆತ್ತಿ ಎಣ್ಣಿ ಹ್ಯಾಂಗ ಒತ್ತಬೇಕು, ಆಕಿಗೆ ತೋರಿಸೂದಿತ್ತು" ಅಂತಿದ್ಲು. ಜಾವೀದಗ ಹಚ್ಚಿದ್ರ ಅಂವ ಲಾರಿ ಮ್ಯಾಲ ಇರತಿದ್ದ, ಎಲ್ಲಾ ಅರಾಮ ಅಂದು ಇಡತಿದ್ದ. ಆಕಿಗೆ ನಿನ್ನ ಮ್ಯಾಲ ಎಳ್ಳಷ್ಟೂ ಸಿಟ್ಟಿದ್ದಿಲ್ಲ. ಇದೊಂದು ನಂಬು.

ಅಲ್ಲಾ ನಿನ್ನ, ನಿನ್ನ ಕೂಸಿನ ಚಂದಂಗ ಇಡ್ಲಿ. ಕೂಸಿಗೆ ಕಿವಿ ಕೇಳತಾವ ಅಂತ ಸುಮ್ಮನ ಬಿಡಬ್ಯಾಡ, ನಿಮ್ಮ ಅಮ್ಮಿ ಕಲಿಸಿದ ಕೈಮಾತು ಅದಕ್ಕೂ ಕಲಸು.

ನಿನ್ನ ಅಬ್ಬಾ
ಅಬ್ದುಲಗನಿ

ತಾ.ಕ.: ಮ್ಯಾಲ ಕಂಪನಿಗೆ ಬೈದದ್ದು ಖರೆ. ಆದ್ರ ನಿನ್ನ ನೆಟ್ ಕಂಪನ್ಯಾವ ಬಂದ್ ಮಾಡಿಲ್ಲ, ನಾ ಮಾಡೇನಿ. ನಿನ್ನ ಲಗ್ನ ಆದಾಗಿಂದ ಹಬ್ಬಕ್ಕ ಕೊಡೂ ಬಳಿ, ಅರಿವಿ ಬದಲಿ ನಿನ್ನ ಫೋನಿನ ರಿಚಾರ್ಜ್ ತವರಿನ ಕಡೆಯಿಂದ ನಾನ ಹಾಕಿಸ್ಕೋತ ಬಂದೇನಲ್ಲ. ಬಕ್ರೀದ್ ಮುಗಿಸಿ ನೀ ಕೂಸಿನ ಕರಕೊಂಡು ಗಂಡನ ಮನಿ ನಿಡೋಣಿಗೆ ಹೋದ ಮರುದಿನ ಶಕೀಲನ ಅಂಗಡಿಗೆ ಹೋದೆ. ನೆಟ್ ಇರೂ ಪ್ಯಾಕಿನ ದರ ಕೇಳಿ, ತೆಗದ ರೊಕ್ಕ ತಿರುಗಿ ಕಿಸೇದಾಗ ಇಟ್ಕೊಂಡೆ. ಬರೇ ಮಾತಿನ ಪ್ಯಾಕ್ ಅಗ್ಗ ಇತ್ತು, ಎಂಬತ್ನಾಲ್ಕು ದಿನದ್ದು. ಮನಿ ಫೋನಿಗೂ ನಿನ್ನ ಫೋನಿಗೂ ಅದನ್ನ ಹಾಕು ಅಂದೆ. ಶಕೀಲ ನನ್ನ ಮಾರಿ ನೋಡಿ, "ಚಾಚಾ, ಸುರೈಯಾನ ನಂಬರಿಗೂ? ಆಕಿಗೆ ಕೇಳಸೂದಿಲ್ಲಲ್ರಿ" ಅಂದ. ನನಗ ಗೊತ್ತಿತ್ತು ಬೇಟಾ, ಮರತಿದ್ದಿಲ್ಲ. "ನಡೀತೈತಿ, ಹಾಕು" ಅಂದೆ.

ನಿಮ್ಮ ಅಮ್ಮಿಗೆ ನಿಡೋಣ್ಯಾಗ ಟವರ್ ಕೆಟ್ಟೈತಿ ಅಂತ ಹೇಳಿದೆ. ಇವತ್ತು ರಿಪೇರಿ ಆಗಿರತೈತಿ ಅಂತ ಆಕಿ ದಿನಾ ಕುಂದರ್ತಿದ್ಲು.

ಹಂಗ ಉಳಿಸಿದ ರೊಕ್ಕ ಯಾತಕ್ಕ ಖರ್ಚು ಮಾಡಿದೆ ಅಂತ ನಿನ್ನೆಯಿಂದ ನೆನಸಾಕತ್ತೇನಿ. ನೆನಪ ಆಗವಲ್ದು.