ಭಟ್ಟಿಯ ತಣ್ಣನೆಯ ಮೂಲೆ

ಅಪ್ಪ,

ನಮ್ಮ ಬೇಕರಿಯ ಭಟ್ಟಿ ಆರಿಸಿದ್ದೇನೆ. ನೀನು ಬದುಕಿದ್ದರೆ ಈ ಒಂದು ಮಾತಿಗೇ ನನ್ನ ಕೆನ್ನೆಗೆ ಬಾರಿಸುತ್ತಿದ್ದೆ. ಇಲ್ಲವಲ್ಲ, ಅದಕ್ಕೇ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ.

ನಿನ್ನೆ ಬೆಳಿಗ್ಗೆ ಕೊನೆಯ ಬನ್ನುಗಳನ್ನು ಹೊರತೆಗೆದ ಮೇಲೆ ಕೆಂಡವನ್ನೆಲ್ಲ ಎಳೆದು ಹಾಕಿ ಭಟ್ಟಿಯ ಬಾಯಿ ತೆರೆದಿಟ್ಟೆ. ನೀರು ಸುರಿದರೆ ಬೇಗ ತಣ್ಣಗಾಗುತ್ತದಲ್ಲ ಎಂದಳು ನಿನ್ನ ಸೊಸೆ. ಕಾದ ಇಟ್ಟಿಗೆಗೆ ನೀರು ತಗುಲಿದರೆ ಅದು ಸಿಡಿದು ಕಣ್ಣಿಗೇ ಬೀಳುತ್ತದೆ ಎಂದು ಕಲಿಸಿದವನು ನೀನು. ಹಾಗಾಗಿ ಕಾಯುತ್ತಿದ್ದೇನೆ. ಇಷ್ಟು ವರ್ಷ ಕುಡಿದ ಬಿಸಿಯನ್ನು ಅದು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಒಳಗೆ ಕೈ ಚಾಚಿದರೆ ಈಗಲೂ ರೋಮ ಸುಡುತ್ತದೆ. ಮೈದಾ ಮೂಟೆಯ ಮೇಲೆ ಕುಳಿತು, ಟ್ರೇಯೊಂದನ್ನು ತೊಡೆಯ ಮೇಲೆ ಮಗುಚಿ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಬರೆಯದೆ ಸುಮ್ಮನೆ ಕುಳಿತರೆ ತಲೆ ಕೆಡುತ್ತದೆ.

ಅಕ್ಕ ಆಸ್ಪತ್ರೆಯಲ್ಲಿದ್ದಾಳೆ. ಅವಳ ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲವಂತೆ. ಮೊದಮೊದಲು ಹಿಟ್ಟು ನಾದುವಾಗ ಉಸಿರು ಕಟ್ಟುತ್ತಿತ್ತು, ಆಮೇಲೆ ಮೆಟ್ಟಿಲು ಹತ್ತುವಾಗ, ಈಗ ಸುಮ್ಮನೆ ಮಲಗಿದ್ದಾಗಲೂ ಕಟ್ಟುತ್ತದೆ. ಈ ವಾರದೊಳಗೆ ಆಪರೇಷನ್ ಆಗಬೇಕು, ಮುಂದಕ್ಕೆ ಹಾಕಿದರೆ ನಾವು ಜವಾಬ್ದಾರರಲ್ಲ ಎಂದಿದ್ದಾರೆ ಡಾಕ್ಟರು. ಹಣ ಕಟ್ಟದೆ ಆಪರೇಷನ್ ಕೋಣೆಯ ಬಾಗಿಲು ತೆರೆಯುವುದಿಲ್ಲ ಎಂದಿದ್ದಾನೆ ಕೌಂಟರಿನವನು. ಕೇಳುವ ಕಡೆಯೆಲ್ಲ ಕೇಳಿ ಆಗಿದೆ. ಅಂಗಡಿ ಮಾರೋಣವೆಂದರೆ ಕಟ್ಟಡ ಬಾಡಿಗೆಯದು. ನಮ್ಮದು ಅಂತ ಇರುವುದು ಈ ಭಟ್ಟಿಯೊಂದೇ. ಅದನ್ನು ಎತ್ತಿಕೊಂಡು ಹೋಗಿ ಯಾರಿಗೆ ಮಾರಲಿ?

ಹಾಗಾಗಿ ಅಮ್ಮನ ಒಡವೆ ಡಬ್ಬಿ ಹುಡುಕಲು ಹೊರಟೆ. ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ ಎಂದು ನೀನು ನಗಬಹುದು. ನಗು. ಆದರೆ ಬಾವಿ ಮುಚ್ಚಿಟ್ಟವನು ನೀನು.

ಗಲಭೆಯಾಗಿ ಊರಿಗೆ ಬೆಂಕಿ ಬಿದ್ದ ಆ ವರ್ಷ ನಾನು ಚಿಕ್ಕವನು. ಕರ್ಫ್ಯೂ ಹಾಕಿದ್ದರು. ಸೌದೆ ಬರಲಿಲ್ಲ, ಮೈದಾ ಬರಲಿಲ್ಲ, ಭಟ್ಟಿ ತಾನಾಗಿಯೇ ಆರಿತು. ನಮ್ಮನ್ನೆಲ್ಲ ಹಿಂದಿನ ಕೋಣೆಯಲ್ಲಿ ಕೂಡಿಹಾಕಿ ನೀನೊಬ್ಬನೇ ಮುಂದೆ ಇರುತ್ತಿದ್ದೆ. ಆಮೇಲೊಂದು ದಿನ ಕೆಲವರು ಷಟರ್ ಮುರಿದು ನುಗ್ಗಿ, ಗಲ್ಲಾಪೆಟ್ಟಿಗೆ, ತಕ್ಕಡಿ, ಸಕ್ಕರೆ ಮೂಟೆ ಎಲ್ಲ ಹೊತ್ತುಕೊಂಡು ಹೋದರು. ಡಬ್ಬಿಯೂ ಅವರ ಜೊತೆಗೇ ಹೋಯಿತು ಎಂದು ನೀನು ಅಮ್ಮನಿಗೆ ಹೇಳಿದೆ. ಅಮ್ಮ ಒಂದು ದಿನ ಮಂಕಾಗಿದ್ದಳು. ಮರುದಿನ ತಲೆ ಬಾಚಿಕೊಂಡು, ಹೋದ್ದು ಹೋಯ್ತು, ಜೀವ ಉಳೀತಲ್ಲ ಎಂದು ಕೆಲಸಕ್ಕೆ ನಿಂತಳು. ನಾವೂ ನಂಬಿದೆವು. ನಂಬದಿರಲು ಕಾರಣವೇ ಇರಲಿಲ್ಲ.

ನನ್ನ ತಲೆಗೆ ಹುಳ ಬಿಟ್ಟವನು ಪಕ್ಕದ ಕ್ಷೌರದಂಗಡಿಯ ಕತ್ತರಿ ಮಾಮ. ಅಕ್ಕನ ವಿಷಯ ಕೇಳಿ ನೋಡಲು ಬಂದವನು ಹಳೆಯದೆಲ್ಲ ಮಾತಾಡುತ್ತ ಕುಳಿತ. "ನಿಮ್ಮಪ್ಪ ಆ ಕರ್ಫ್ಯೂನಲ್ಲೂ ಸುಮ್ನೆ ಕೂತೋನಲ್ಲ. ಗೋಡೆ ಕಿಂಡೀಲಿ ನೋಡ್ತೀನಿ, ಭಟ್ಟಿ ಒಳಗೆ ತೂರ್ಕೊಂಡು ಹಾಸುಗಲ್ಲು ಕೀಳ್ತಾ ಇದ್ದ. ಲೂಟಿ ಆಗಿದ್ದು ಅದಾದ್ಮೇಲೆ" ಎಂದ. ಅವನ ಪಾಲಿಗೆ ಅದು ನಿನ್ನ ಹೊಗಳಿಕೆ. ನನಗೆ ಲೂಟಿಯವರ ಜೊತೆ ಡಬ್ಬಿ ಹೋಯಿತೆಂದ ನಿನ್ನ ಮಾತು ನೆನಪಾಯಿತು.

ಆದರೂ ಮೊದಲು ಭಟ್ಟಿಯ ಹತ್ತಿರ ಹೋಗಲಿಲ್ಲ ಅಪ್ಪ. ಹೋಗುವ ಧೈರ್ಯ ಬರಲಿಲ್ಲ. ಹಿಟ್ಟಿನ ಕೋಣೆಯ ನೆಲ ಅಗೆದೆ. ಸೌದೆ ರಾಶಿ ಸರಿಸಿ ಅದರ ಕೆಳಗೆ ಅಗೆದೆ. ಹಿತ್ತಿಲಲ್ಲಿ ನಲ್ಲಿ ಕಟ್ಟೆಯನ್ನೇ ಕಿತ್ತೆ. ಬೆಟ್ಟ ಅಗೆದರೆ ಇಲಿಯಾದರೂ ಸಿಗುತ್ತದಂತೆ, ನನಗೆ ಸಿಕ್ಕಿದ್ದು ತುಕ್ಕು ಹಿಡಿದ ಒಂದು ಸೌಟು. ಆ ಸೌಟು ಹಿಡಿದುಕೊಂಡು ಕೆಸರಿನಲ್ಲಿ ಕುಳಿತು ಅತ್ತೆ ಎಂದರೆ ನಂಬುತ್ತೀಯಾ? ನಲ್ಲಿ ಕಟ್ಟೆ ಹೋದದ್ದಕ್ಕೆ ಮನೆ ಮಾಲೀಕ ಬಂದು ಕೂಗಾಡಿ ಹೋದ.

ನಿಜ ಹೇಳಬೇಕೆಂದರೆ ಡಬ್ಬಿ ಎಲ್ಲಿದೆ ಎಂದು ನನಗೆ ಮಾಮ ಹೇಳಿದ ಕ್ಷಣವೇ ಗೊತ್ತಾಗಿತ್ತು. ಎಡಗಡೆಯ ಹಿಂದಿನ ಮೂಲೆ. ಅಲ್ಲಿಟ್ಟ ಬ್ರೆಡ್ಡಿನ ತಳ ಯಾವತ್ತೂ ಕೆಂಪಗಾಗುವುದಿಲ್ಲ, ಹಸಿ ಹಸಿಯಾಗಿ ಬೆಳ್ಳಗೆ ಉಳಿಯುತ್ತದೆ. ಪ್ರತಿ ಭಟ್ಟಿಗೂ ಒಂದು ಸೋಮಾರಿ ಮೂಲೆ ಇರುತ್ತದೆ, ಅಲ್ಲಿಗೆ ಸಣ್ಣ ಬನ್ನು ಮಾತ್ರ ಹಾಕಬೇಕು ಎಂದು ನೀನು ಕಲಿಸಿದೆ. ನಾನು ಹಾಗೇ ಮಾಡಿದೆ, ನನ್ನ ಕೈಕೆಳಗಿನವರಿಗೂ ಹಾಗೇ ಕಲಿಸಿದೆ. ಆದರೆ ಹಾಸುಗಲ್ಲಿನ ಕೆಳಗೆ ಉಪ್ಪು, ಗಾಜಿನ ಚೂರು, ಮರಳು ಒತ್ತಿ ತುಂಬಿದ್ದರೆ ತಾನೇ ಕಲ್ಲು ಬಿಸಿ ಹಿಡಿದಿಟ್ಟುಕೊಳ್ಳುವುದು? ಅದನ್ನೂ ನೀನೇ ಕಲಿಸಿದ್ದು. ಆ ಮೂಲೆಯಲ್ಲಿ ಮಾತ್ರ ಅದೆಲ್ಲ ಯಾಕಿಲ್ಲ? ಬೇರೆ ಕಡೆ ಕಲ್ಲು ಸವೆದಾಗಲೆಲ್ಲ ಬದಲಾಯಿಸಿದವನು ಆ ಮೂಲೆಯ ಕಲ್ಲನ್ನು ಮಾತ್ರ ಯಾಕೆ ಮುಟ್ಟಲಿಲ್ಲ? ಇಷ್ಟು ವರ್ಷ ದಿನಾ ಬೆಳಿಗ್ಗೆ ಆ ಬೆಳ್ಳನೆಯ ತಳ ನೋಡಿಯೂ ನನಗೆ ಹೊಳೆಯಲಿಲ್ಲ. ಅಪ್ಪ ಹೇಳಿದ ಮೇಲೆ ಮುಗಿಯಿತು ಎಂದುಕೊಂಡ ಮಗ ನಾನು.

ಭಟ್ಟಿ ಪೂರ್ತಿ ತಣ್ಣಗಾದರೆ ಕಮಾನು ಸೀಳುತ್ತದೆ ಎಂದು ನೀನು ಹೇಳುತ್ತಿದ್ದದ್ದು ಸುಳ್ಳಲ್ಲ; ಕರ್ಫ್ಯೂನಲ್ಲಿ ಆರಿದಾಗ ಗಟ್ಟಿಯಿತ್ತು, ಈಗ ಹಳತಾಗಿದೆ. ಹಾಸುಗಲ್ಲು ಕೀಳಲು ಬಾಯಿಂದ ಹಾರೆ ಆ ಮೂಲೆಗೆ ಎಟುಕುವುದಿಲ್ಲ. ನೀನು ಸಣಕಲ, ಹಾವಿನ ಹಾಗೆ ತೂರಿ ಹೋಗುತ್ತಿದ್ದೆ. ನಿನ್ನ ಬನ್ನು ತಿಂದು ಬೆಳೆದ ನನ್ನ ಮೈ ಆ ಬಾಯಲ್ಲಿ ಅರ್ಧ ಹೋಗಿ ಸಿಕ್ಕಿಹಾಕಿಕೊಳ್ಳುತ್ತದೆ. ಗಾರೆಯವನು ಬಂದು ನೋಡಿದ. ಹಳೇ ಕಮಾನು, ಯಾರನ್ನೂ ಒಳಗೆ ಕಳಿಸಲ್ಲ, ಪಕ್ಕದ ಗೋಡೆ ಒಡೆಯಬೇಕು, ಒಡೆದರೆ ಮೇಲಿನದು ನಿಲ್ಲುವುದಿಲ್ಲ ಎಂದ. ಅವನು ಹೋದ ಮೇಲೆ ನಿನ್ನ ಸೊಸೆ ಬಾಗಿಲಿಗೆ ಒರಗಿ ನಿಂತು, "ಅಲ್ಲೂ ಇಲ್ದಿದ್ರೆ? ನಿಮ್ಮಕ್ಕಾನೂ ಇಲ್ಲ, ಭಟ್ಟೀನೂ ಇಲ್ಲ" ಎಂದಳು.

ಅಕ್ಕನಿಗೆ ಹೇಳಿದಾಗ ಅವಳು ಹಾಸಿಗೆಯಿಂದ ಎದ್ದೇ ಕುಳಿತಳು. ಭಟ್ಟಿ ಮುಟ್ಟಿದರೆ ಆಪರೇಷನ್ನಿಗೆ ಒಪ್ಪುವುದಿಲ್ಲ ಎಂದಳು. ಮದುವೆ ಬೇಡವೆಂದು ಹಿಟ್ಟು ನಾದುತ್ತಲೇ ಆಯಸ್ಸು ಕಳೆದವಳು, ಭಟ್ಟಿಯ ಮೇಲೆ ಮಕ್ಕಳ ಮೇಲಿನಂಥ ಪ್ರೀತಿ ಎಂದುಕೊಂಡೆ. ಅವಳಿಗೆ ತಿಳಿಯದಂತೆ ಆರಿಸಿದೆ.

ಈಗ ನಿನ್ನನ್ನು ಒಂದು ಮಾತು ಕೇಳಲೇಬೇಕು. ಅದನ್ನು ಕೇಳುವುದಕ್ಕೇ ಈ ಪತ್ರ, ಮೇಲಿನದೆಲ್ಲ ಪೀಠಿಕೆ. ಲೂಟಿಯಾದ ಮೇಲೆ ಅಮ್ಮ ಕಾಯಿಲೆ ಬಿದ್ದು ಮಲಗಿದಾಗಲೂ ಆಸ್ಪತ್ರೆಯವರು ಹಣವನ್ನೇ ಕೇಳಿದ್ದರು. ನೀನು ಬೀದಿ ಬೀದಿ ಸುತ್ತಿ ಬರಿಗೈಯಲ್ಲಿ ಬಂದೆ. ಇದೇ ಮೂಟೆಗಳ ಮೇಲೆ ಕುಳಿತು, ಭಟ್ಟಿಗೆ ಬೆನ್ನು ಹಾಕಿ, ಮುಖ ಮುಚ್ಚಿಕೊಂಡು ಅತ್ತೆ. ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದ ಅಮ್ಮನೇ ಗೋಡೆ ಹಿಡಿದುಕೊಂಡು ಬಂದು ನಿನ್ನ ಬೆನ್ನು ಸವರಿದಳು. "ಅಳಬೇಡಿ. ಇಲ್ಲದ್ದಕ್ಕೆ ಯಾರು ಏನ್ ಮಾಡೋಕಾಗತ್ತೆ" ಎಂದಳು. ಆ ವಾರ ಕಳೆಯುವಷ್ಟರಲ್ಲಿ ಹೋದಳು.

ಆಗ ಡಬ್ಬಿ ಅಲ್ಲೇ ಇತ್ತೇ ಅಪ್ಪ? ನಿನ್ನ ಬೆನ್ನ ಹಿಂದೆಯೇ?

ನನ್ನ ಸ್ಥಿತಿ ನೋಡು. ಅತ್ತ ದರಿ, ಇತ್ತ ಪುಲಿ. ಡಬ್ಬಿ ಸಿಗದಿದ್ದರೆ ಅಕ್ಕ ಉಳಿಯುವುದಿಲ್ಲ. ಸಿಕ್ಕರೆ ನೀನು ಉಳಿಯುವುದಿಲ್ಲ. ನಿನ್ನೆಯಿಂದ ಒಂದು ಸಲ ಸಿಗಲಿ ದೇವರೇ ಎನ್ನುತ್ತೇನೆ, ಮರುಕ್ಷಣವೇ ಅಲ್ಲಿ ಏನೂ ಇಲ್ಲದಿರಲಿ ಎನ್ನುತ್ತೇನೆ. ನೀನು ಜುಗ್ಗನಾಗಿದ್ದರೆ ಲೆಕ್ಕ ಸುಲಭವಿತ್ತು. ಹಸಿದು ಬಂದವರನ್ನು ನೀನು ಬರಿಗೈಯಲ್ಲಿ ಕಳಿಸಿದ್ದು ನಾನು ನೋಡಿಲ್ಲ. ಅಂಥವನು ಹೆಂಡತಿಯ ಜೀವಕ್ಕಿಂತ ಅವಳ ಬಳೆಯನ್ನು ದೊಡ್ಡದು ಮಾಡುತ್ತಾನೆಯೇ? ಇಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಆ ಮೂಲೆಯ ಕೆಳಗೆ ಇಲಿಯ ಬಿಲವಿರಬಹುದು, ಚರಂಡಿಯ ತೇವವಿರಬಹುದು. ಇರಲಿ ಎಂದುಕೊಳ್ಳುವಾಗಲೇ ಅಕ್ಕನ ನೀಲಿಗಟ್ಟಿದ ತುಟಿ ಕಣ್ಣ ಮುಂದೆ ಬರುತ್ತದೆ. ಆಗ ಹಾರೆ ತೆಗೆದುಕೊಂಡು ಬಿಸಿಯಲ್ಲೇ ನುಗ್ಗಿಬಿಡೋಣ ಎನಿಸುತ್ತದೆ.

ಈಗಷ್ಟೇ ಒಳಗಿನಿಂದ ಫಟ್ ಎಂದು ಸದ್ದಾಯಿತು. ಕಮಾನು ಸೀಳುತ್ತಿದೆ. ಎದ್ದು ಹೋಗಿ ನೋಡಬೇಕು.

ಅಲ್ಲಿಗೆ ನಿಲ್ಲಿಸಿದ್ದೆ. ಈಗ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕುಳಿತು ಮುಂದುವರಿಸುತ್ತಿದ್ದೇನೆ. ಉಗುರಿನ ಸಂದಿಯ ಮಸಿ ಇನ್ನೂ ಹೋಗಿಲ್ಲ, ಕಾಗದ ಕೊಳೆಯಾದರೆ ಸಹಿಸಿಕೋ.

ಇವತ್ತು ಬೆಳಿಗ್ಗೆ ಗಾರೆಯವನು ಪಕ್ಕದ ಗೋಡೆ ಒಡೆದ. ಸ್ವಲ್ಪ ಹೊತ್ತಿಗೆ ಕಮಾನು ಒಂದೇ ಸಲ ಕುಸಿಯಿತು. ನಮ್ಮ ಬೀದಿಯವರೆಲ್ಲ ಬಂದು ನಿಂತಿದ್ದರು. ಕತ್ತರಿ ಮಾಮ ಹೆಗಲ ಮೇಲಿನ ಟವೆಲ್ಲಿನಲ್ಲಿ ಮೂಗು ಒರೆಸಿಕೊಂಡ. ಇಟ್ಟಿಗೆ ಎತ್ತಿ ಎತ್ತಿ ಹಾಕಿ ಮೂಲೆಯ ಕಲ್ಲಿಗೆ ಬಂದಾಗ ಗಾರೆಯವನನ್ನು ಹಿಂದೆ ಸರಿಸಿ ನಾನೇ ಹಾರೆ ಹಾಕಿದೆ. ಹಾರೆ ಎರಡು ಸಲ ಜಾರಿತು. ಕಲ್ಲು ಎದ್ದಿತು. ಕೆಳಗೆ ಉಪ್ಪಿರಲಿಲ್ಲ, ಗಾಜಿರಲಿಲ್ಲ. ಮೈದಾ ಚೀಲದ ಬಟ್ಟೆ ಸುತ್ತಿದ ಡಬ್ಬಿ ಇತ್ತು. ಬಟ್ಟೆ ರಸ್ಕಿನ ಬಣ್ಣಕ್ಕೆ ತಿರುಗಿತ್ತು, ಮುಟ್ಟಿದರೆ ಪುಡಿಯಾಯಿತು.

ಎಲ್ಲವೂ ಇತ್ತು ಅಪ್ಪ. ಸರ, ಬಳೆ, ಓಲೆ, ಉಂಗುರ. ಒಂದೂ ತೆಗೆದಿರಲಿಲ್ಲ ನೀನು. ಸುತ್ತ ನಿಂತವರು ಸಿಕ್ತು, ಸಿಕ್ತು ಎಂದು ಬೆನ್ನು ತಟ್ಟಿದರು. ನಿನ್ನ ಸೊಸೆ ಜೋರಾಗಿ ಅತ್ತಳು. ನಾನು ಆ ಗುಂಡಿಯನ್ನೇ ನೋಡುತ್ತ ನಿಂತಿದ್ದೆ. ಅಕ್ಕಸಾಲಿ ತೂಗಿ ನೋಡಿ, ನಿಮ್ಮ ಖರ್ಚಿಗೆ ಸಾಕು, ಮೇಲೆ ಮಿಗುತ್ತದೆ ಎಂದ. ಮಿಗುತ್ತದಂತೆ.

ನೇರ ಅಕ್ಕನ ಹತ್ತಿರ ಬಂದೆ. ಅವಳು ನನ್ನ ಮಸಿ ಮೆತ್ತಿದ ಅಂಗಿ ನೋಡಿದಳು. ಬಯ್ಯುತ್ತಾಳೆ ಎಂದುಕೊಂಡೆ, ಬಯ್ಯಲಿಲ್ಲ. "ಸಿಕ್ತಾ?" ಎಂದಳು. ತಲೆಯಾಡಿಸಿದೆ. ಅವಳು ಗೋಡೆಯ ಕಡೆ ತಿರುಗಿಕೊಂಡಳು.

"ಸಿಗಬಾರ್ದಿತ್ತು ಕಣೋ" ಎಂದಳು. ಉಸಿರು ಎಳೆದುಕೊಂಡು, ಬಿಟ್ಟು ಬಿಟ್ಟು ಹೇಳಿದಳು. "ಅಮ್ಮನ್ನ ಉಳಿಸೋಕೆ ಅಪ್ಪನ ಹತ್ರ ಏನೂ ಇರ್ಲಿಲ್ಲ ಅಂತ ಅಂದ್ಕೊಂಡೇ ಕೊನೇವರೆಗೂ ಅವನನ್ನ ನೋಡ್ಕೊಂಡೆ. ಉಣ್ಣಿಸಿದೆ, ತೊಳೆದೆ. ಈಗ ಅದನ್ನೆಲ್ಲ ಯಾರಿಗ್ ಮಾಡ್ದೆ ನಾನು?"

ಅವಳು ಇಷ್ಟು ದಿನ ಕಾಪಾಡಿದ್ದು ಭಟ್ಟಿಯನ್ನಲ್ಲ, ನಿನ್ನನ್ನು. ಅವಳಿಗೂ ಆ ಬೆಳ್ಳನೆಯ ತಳ ಕಾಣಿಸಿತ್ತು. ನನಗಿಂತ ಮೊದಲೇ ಅನುಮಾನ ಬಂದಿತ್ತು. ತಿಳಿದುಕೊಂಡು ಬದುಕುವುದಕ್ಕಿಂತ ತಿಳಿಯದೆ ಸಾಯುವುದು ಮೇಲು ಎಂದು ಲೆಕ್ಕ ಹಾಕಿದ್ದಳು. ಆಮೇಲೆ, ಅಮ್ಮನಿಗೆ ಆಗದ ಚಿನ್ನ ನನಗೂ ಬೇಡ, ವಾಪಸ್ಸು ತೆಗೆದುಕೊಂಡು ಹೋಗಿ ಭಟ್ಟಿ ಕಟ್ಟಿಸು ಎಂದಳು. ಕಾಲು ಹಿಡಿದೆ. ಸಣ್ಣ ಮಗುವಿನ ಹಾಗೆ ಹಟ ಮಾಡಿದೆ. ನರ್ಸು ಬಂದು ನನ್ನನ್ನು ಹೊರಗೆ ಹೋಗಲು ಹೇಳಿದಳು. ಬಾಗಿಲವರೆಗೆ ಹೋದವನಿಗೆ ಅದೆಲ್ಲಿಂದ ಸಿಟ್ಟು ಬಂತೋ ಗೊತ್ತಿಲ್ಲ, ತಿರುಗಿ ನಿಂತು ಹೇಳಿಬಿಟ್ಟೆ.

"ಅಪ್ಪ ಮಾಡಿದ್ದನ್ನೇ ನೀನೂ ಮಾಡು ಹಾಗಾದ್ರೆ. ಚಿನ್ನ ಪಕ್ಕದಲ್ಲಿಟ್ಕೊಂಡು ಮನೆಯವ್ರನ್ನ ಅಳಿಸು."

ಅಕ್ಕ ಗೋಡೆಯ ಕಡೆಯಿಂದ ಹೊರಳಿ ನನ್ನ ಮುಖ ನೋಡಿದಳು. ಆಮೇಲೆ ನರ್ಸನ್ನು ಕರೆದು, ಎಲ್ಲಿ ಸಹಿ ಮಾಡಬೇಕು ಎಂದು ಕೇಳಿದಳು.

ನಾಳೆ ಬೆಳಿಗ್ಗೆ ಒಳಗೆ ಕರೆದುಕೊಂಡು ಹೋಗುತ್ತಾರೆ. ಉಳಿಯುತ್ತಾಳೋ ಇಲ್ಲವೋ ಡಾಕ್ಟರಿಗೂ ಗೊತ್ತಿಲ್ಲ. ಯಾಕೆ ಹಾಗೆ ಮಾಡಿದೆ ಎಂದು ಈ ಬೆಂಚಿನ ಮೇಲೆ ಕುಳಿತು ನಿನ್ನ ಪರವಾಗಿ ನಾನೇ ವಕಾಲತ್ತು ವಹಿಸುತ್ತಿದ್ದೇನೆ. ಭಟ್ಟಿ ಹೋದರೆ ಮಕ್ಕಳು ಉಪವಾಸ ಎಂದು ಹೆದರಿದೆಯಾ? ಹೇಗೂ ಬದುಕುವುದಿಲ್ಲ ಎಂದು ಯಾರಾದರೂ ಹೇಳಿದ್ದರಾ? ಅಥವಾ ಒಂದು ಸುಳ್ಳು ಹೇಳಿ, ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ನಾಚಿಕೆಯಾಗಿ, ನಾಳೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತಿರುವಾಗಲೇ ಅಮ್ಮ ಹೋಗಿಬಿಟ್ಟಳಾ? ಒಂದನ್ನು ನಂಬಿದರೆ ಇನ್ನೊಂದು ಎದ್ದು ನಿಲ್ಲುತ್ತದೆ. ಕ್ಷಮಿಸಿದ್ದೇನೆ ಎಂದು ಬರೆಯಲು ಕೈ ಓಡುತ್ತಿಲ್ಲ ಅಪ್ಪ. ನಿನ್ನನ್ನು ಬಿಟ್ಟುಬಿಡಲೂ ಆಗುತ್ತಿಲ್ಲ.

ನೀನಿರುವಲ್ಲಿ ನೆಮ್ಮದಿಯಿಂದಿರು ಎಂದು ಹಾರೈಸುವುದು ವಾಡಿಕೆ. ಅಷ್ಟು ಮಾತ್ರ ನನ್ನಿಂದ ಈಗ ಆಗದು. ನಾಳೆ ಅಕ್ಕ ನಿಮ್ಮ ಕಡೆಗೆ ಬಂದರೆ ಬಾಗಿಲು ತೆರೆಯಬೇಡ, ಬೈದು ವಾಪಸ್ಸು ಕಳಿಸು, ಇದೊಂದು ಕೆಲಸ ಮಾಡು. ಇನ್ನೊಂದು, ಅಮ್ಮ ಅಲ್ಲೇ ಎಲ್ಲೋ ಇರುತ್ತಾಳೆ. ಡಬ್ಬಿ ಎಲ್ಲಿತ್ತು ಎಂದು ಅವಳಿಗೆ ನೀನೇ ಹೇಳಬೇಕು. ನಾನು ಹೇಳುವುದಿಲ್ಲ.

ಇಂತಿ,
ಈಗಲೂ ನಿನ್ನನ್ನು ಅಪ್ಪ ಎಂದೇ ಕರೆಯುವ
ನಿನ್ನ ಮಗ