ಬ್ರೇಕಿನ ಬಾಯಿಗೆ ಚೆಂಡುಹೂವು

ನಾಶಿಕ
೧೯ ಜನವರಿ ೨೦೨೬, ಸೋಮವಾರ

ಪ್ರೀತಿಯ ಮಗ ರಾಕೇಶನಿಗೆ,

ನಿನ್ನ ಸೊಂಟದ ನೋವು ಕಡಿಮೆಯಾಯಿತೇ? ಸೊಸೆ ಹರ್ಷಿಣಿಯ ಶೀತ ವಾಸಿಯಾಗಿದೆ ಎಂದು ತಿಳಿಯಿತು, ಅದೂ ಅವಳ ತಾಯಿಯ ಸ್ಟೇಟಸ್ ನೋಡಿ. ಇಲ್ಲಿ ನಾವು ಚೆನ್ನಾಗಿದ್ದೇವೆ. ನಿನ್ನ ತಮ್ಮ ರೋಷನ್ ಹೋಟೆಲ್ ನೋಡಿಕೊಳ್ಳುತ್ತಾನೆ, ನಾನು ಅವನನ್ನು ನೋಡಿಕೊಳ್ಳುತ್ತೇನೆ. ಫೋನ್ ಮಾಡಬಹುದಿತ್ತು. ಆದರೆ ನೀನು ಸ್ಪೀಕರ್ ಹಾಕುತ್ತೀಯ, ಬೀಗರ ಮನೆಯವರೆಲ್ಲ ಸುತ್ತ ಕೂತು ಕೇಳುತ್ತಾರೆ. ಕೆಲಸಕ್ಕೆಂದು ಸಂಭಾಜಿನಗರಕ್ಕೆ ಹೋದವನು ಅವರ ಮಗ್ಗುಲಲ್ಲೇ ಮನೆ ಮಾಡಿದ್ದೀಯಲ್ಲ.

ಹೊಸ ಕಾರಿನ ಪೂಜೆಯ ವಿಡಿಯೊ ನೋಡಿದೆ. ನಮ್ಮಲ್ಲಿ ಯಾವ ಗಾಡಿ ತಂದರೂ, ಹೋಟೆಲಿಗೆ ಹಾಲು ತರುವ ಟೆಂಪೊಗೂ, ಮೊದಲ ಆರತಿ ನನ್ನ ಕೈಯಿಂದಲೇ ಆದದ್ದು. ಈ ಸಲ ಆರತಿ ನಿನ್ನ ಅತ್ತೆಯದು, ತೆಂಗಿನಕಾಯಿ ನಿನ್ನ ಮಾವನದು. ನಾಶಿಕದ ರಸ್ತೆ ಅರ್ಧದಾರಿಯ ವೈಜಾಪುರಕ್ಕೇ ಮುಗಿದುಹೋಗಿದೆಯೇನೋ. ಹೊಟ್ಟೆ ಉರಿಯಿತು. ಬರೆಯಲು ನನಗೆ ನಾಚಿಕೆಯಿಲ್ಲ.

ಈ ಭಾನುವಾರ ಅದನ್ನು ಊರಾಚೆಯ ರೇಸ್ ಟ್ರ್ಯಾಕಿನಲ್ಲಿ ಓಡಿಸುತ್ತೀಯಂತೆ. ಯಾಕೆಂದು ಕೇಳಿದರೆ, "ಇದು ಕಂಪನಿಯೇ ಹಾಕಿಕೊಟ್ಟ ಪರ್ಫಾರ್ಮೆನ್ಸ್ ಪ್ಯಾಕೇಜ್ ಅಮ್ಮ, ರೇಸಿಗೆಂದೇ ಮಾಡಿದ್ದು ಅಂತ ಮಾವ ಹೇಳಿದ್ರು" ಎಂದೆ. ನರಹರಿ ರಾಯರು ಹೇಳಿದ ಮೇಲೆ ಮುಗಿಯಿತು. ಅದೇ ಮಾತು ನಾನು ಹೇಳಿದ್ದರೆ ನೀನು ಇನ್ನೂ ನಾಲ್ಕು ಜನರನ್ನು ವಿಚಾರಿಸುತ್ತಿದ್ದೆ.

ಅದಕ್ಕೆ ರೋಷನ್‌ನನ್ನು ಕರೆದುಕೊಂಡು ಇಲ್ಲಿನ ಶೋರೂಮಿಗೆ ಹೋದೆ. ದೊಡ್ಡ ಬ್ರೇಕು, ಗಟ್ಟಿ ಸ್ಪ್ರಿಂಗು, ಅಗಲ ಟೈರು ಎಂದು ಹಿಗ್ಗಿನಿಂದ ತೋರಿಸುತ್ತಿದ್ದ ಸೇಲ್ಸಿನವನು ಟ್ರ್ಯಾಕಿನ ಮಾತು ಬಂದ ಕೂಡಲೇ ತಲೆ ಕೆರೆದುಕೊಂಡ. "ಆಜೀ, ಘಾಟಾಸಾಠೀ ಏಕ ನಂಬರ್. ಟ್ರ್ಯಾಕ್‌ವರ ವಾರಂಟಿ ನಾಹೀ." ನಾನು ಅವನಿಗೆ ಅಜ್ಜಿಯಂತೆ, ಇರಲಿ. ಇಗತಪುರಿಯ ಘಾಟಿಗೆ ಸೈ, ಟ್ರ್ಯಾಕಿನಲ್ಲಿ ಕೆಟ್ಟರೆ ಕಂಪನಿ ಕೇಳುವುದಿಲ್ಲ. ಒಂದೆರಡು ಸುತ್ತು ಪರವಾಗಿಲ್ಲವಂತೆ. ಬಿಡದೆ ಓಡಿಸಿದರೆ ಬ್ರೇಕಿನ ಎಣ್ಣೆ ಕುದಿದು, ಒತ್ತಿದ ಪೆಡಲ್ ಸುಮ್ಮನೆ ಒಳಗೆ ಹೋಗುತ್ತದೆ. ಮನೆಯ ಮಿಕ್ಸಿಯ ಮೇಲೂ ಕಂಪನಿಯವರು ದೊಡ್ಡದಾಗಿ ಪವರ್ ಎಂದು ಬರೆದಿರುತ್ತಾರೆ. ಹತ್ತು ಜನರ ಚಟ್ನಿ ಚೆನ್ನಾಗಿಯೇ ರುಬ್ಬುತ್ತದೆ. ಹೋಟೆಲಿನ ಬೆಳಗಿನ ಗಿರಾಕಿಗಳಿಗೆ ರುಬ್ಬಲು ಹೋದರೆ ಸುಟ್ಟ ವಾಸನೆ ಬರುತ್ತದೆ. ನಿನ್ನ ಮಾವ ಬ್ಯಾಂಕಿನಲ್ಲಿ ಕೂತವರು, ಅವರಿಗೆ ಇದೆಲ್ಲ ಹೇಗೆ ತಿಳಿಯಬೇಕು? ಬ್ರೇಕಿನ ಎಣ್ಣೆ, ಪ್ಯಾಡು ಎರಡನ್ನೂ ಟ್ರ್ಯಾಕಿಗೆ ತಕ್ಕದ್ದು ಹಾಕಿಸದೆ ಇಳಿಯಬೇಡ. ನಡುನಡುವೆ ನಿಧಾನದ ಸುತ್ತು ಹಾಕಿ ತಣಿಸು.

ಮುಂದಿನ ಬಂಪರಿನ ಕೆಳಗೆ ಎರಡು ಬಾಯಿಗಳಿವೆ, ಅಲ್ಲಿಂದ ಗಾಳಿ ನುಗ್ಗಿ ಬ್ರೇಕನ್ನು ತಣಿಸಬೇಕು ಎಂದೂ ಅವನು ತೋರಿಸಿದ. ಮನೆಗೆ ಬಂದು ವಿಡಿಯೊ ಮತ್ತೆ ಹಾಕಿದೆ. ನಿನ್ನ ಅತ್ತೆ ಆ ಎರಡೂ ಬಾಯಿಗೆ ಚೆಂಡುಹೂವಿನ ಮಾಲೆ ತುರುಕಿ, ಮೇಲೆ ನಿಂಬೆಹಣ್ಣು ಸಿಕ್ಕಿಸಿದ್ದಾರೆ. ನಾನಾಗಿದ್ದರೆ ಬಾನೆಟ್ಟಿನ ಮೇಲೆ ಹಾಕುತ್ತಿದ್ದೆ. ಒಣಗಿದ್ದನ್ನೆಲ್ಲ ದಾರದ ಸಮೇತ ಕಿತ್ತು ತೆಗೆ. ಅತ್ತೆಗೆ ಬೇಸರವಾದರೆ ನನ್ನ ಹೆಸರು ಹೇಳು, ನನಗೆ ಸಂತೋಷವೇ.

ಹರ್ಷಿಣಿಗೆ ನನ್ನ ಆಶೀರ್ವಾದ. ನಿನಗೂ ಇದೆ, ಹೇಳಿದ್ದು ಕೇಳಿದರೆ. ಬೀಗರಿಗೆ ನಮಸ್ಕಾರ ತಿಳಿಸು, ಪದ್ಧತಿ ಬಿಡಬಾರದು.

ನಿನ್ನನ್ನು ಹೆತ್ತವಳು,
ಸುಗುಣಾ

ತಾ.ಕ.: ಶನಿವಾರದ ಬಸ್ಸಿಗೆ ಹೊರಡುತ್ತಿದ್ದೇನೆ. ಸ್ಟ್ಯಾಂಡಿಗೆ ನೀನೊಬ್ಬನೇ ಬಾ. ಭಾನುವಾರ ಟ್ರ್ಯಾಕಿನ ಬೇಲಿಯ ಹತ್ತಿರ ನಿಂತಿರುತ್ತೇನೆ. ನಾನು ಕೈ ಎತ್ತಿದ ಸುತ್ತಿನಲ್ಲೇ ಗಾಡಿ ಹೊರಗೆ ತರಬೇಕು. ಆಗ ಮಾವನ ಮುಖ ನೋಡಕೂಡದು.